ತಾತನ ಹೆಬ್ಬೆಟ್ಟು, ನಮ್ಮ ಮನೆ ಕಂಪ್ಯೂಟರು

ಸ್ವಲ್ಪ ಉದ್ದದ ಬರಹ, ಬಿಡುವಾದಾಗ ಓದಿ.

ಹದಿನೈದು ದಿನದ ಹಿಂದೆ ಟಿ.ನರಸೀಪುರದಿಂದ ನಮ್ಮ ಸಂಘದ ಹುಡುಗ ಫೋನ್ ಮಾಡಿದ. "ಅಣ್ಣ, ನಿಮ್ಮ ಮೇಲ್‌ನಿಂದ ಒಂದು ಫೈಲ್ ಬಂದಿದೆ, ಓಪನ್ನೇ ಆಗ್ತಿಲ್ಲ" ಅಂದ. ನಾನು ಯಾವ ಫೈಲೂ ಕಳಿಸಿರಲಿಲ್ಲ. "ಎಷ್ಟು ಸಲ ಒತ್ತಿದೆಯಪ್ಪಾ?" ಅಂದೆ. "ಮೂರ್ನಾಕು ಸಲ ಒತ್ತಿದೆ ಅಣ್ಣ, ಏನೋ ಕೇಳ್ತು, ಯೆಸ್ ಕೊಟ್ಟೆ" ಅಂದ. ಆಫೀಸಿನಲ್ಲಿ ಕೂತಿದ್ದವನಿಗೆ ಕೈ ತಣ್ಣಗಾಯ್ತು. ಯಾಕೆಂದರೆ ಆ ಲ್ಯಾಪ್‌ಟಾಪಿನಲ್ಲಿ ಹಾಡು, ಸಿನಿಮಾ ಮಾತ್ರ ಇಲ್ಲ. ಎರಡು ದೌರ್ಜನ್ಯ ಪ್ರಕರಣಗಳ ದೂರಿನ ಪ್ರತಿಗಳು, ಗಾಯದ ಫೋಟೋಗಳು, ಸಾಕ್ಷಿ ಹೇಳೋಕೆ ಒಪ್ಪಿರುವ ನಮ್ಮ ಜನರ ಹೆಸರು, ಫೋನ್ ನಂಬರು ಎಲ್ಲಾ ಇವೆ. ಸಾಕ್ಷಿಗಳನ್ನ ಕಾಪಾಡಬೇಕು ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರ ತಿದ್ದುಪಡಿಯಲ್ಲಿ 15ಎ ಕಲಂ ಬಂತು. ಕಲಂ ಪುಸ್ತಕದಲ್ಲಿದೆ. ಹೆಸರುಗಳು ನಮ್ಮ ಲ್ಯಾಪ್‌ಟಾಪಿನಲ್ಲಿವೆ.

ಆ "ಯೆಸ್" ಅನ್ನೋದು ನನಗೆ ನಮ್ಮ ತಾತನ ಹೆಬ್ಬೆಟ್ಟನ್ನ ನೆನಪಿಸಿತು.

ನಮ್ಮ ತಾತನಿಗೆ ಓದು ಬರಹ ಇರಲಿಲ್ಲ. ನಂಜನಗೂಡು ಸೀಮೆಯ ಊರಲ್ಲಿ ಲೆಕ್ಕ ಬರೆಯೋನು ಶಾನುಭೋಗ, ಕಡತ ಇರೋದು ಅವನ ಮನೇಲಿ. ನಮ್ಮವರು ಕಾಗದದ ಮುಂದೆ ನಿಂತುಕೊಂಡು ಹೆಬ್ಬೆಟ್ಟಿಗೆ ಮಸಿ ಹಚ್ಚಿಸ್ಕೊಳ್ಳೋರು. ಮೇಲೆ ಏನು ಬರೆದಿದೆ ಅಂತ ಕೇಳೋ ಧೈರ್ಯ ಇರಲಿಲ್ಲ. ಕೇಳಿದರೂ ಬಂದ ಉತ್ತರ ನಿಜವೋ ಸುಳ್ಳೋ ತಿಳಿಯೋ ದಾರಿ ಇರಲಿಲ್ಲ. ಖಾಲಿ ಕಾಗದಕ್ಕೆ ಒತ್ತಿಸಿಕೊಂಡು ಆಮೇಲೆ ಬರೆದುಕೊಂಡದ್ದೂ ಉಂಟು. ದರಖಾಸ್ತಿನಲ್ಲಿ ಸಿಕ್ಕ ನಮ್ಮ ಎರಡು ಎಕರೆ ಹೋಗಿದ್ದು ಹಾಗೇ. ಹೀಗೆ ಕೈತಪ್ಪಿದ ಜಮೀನು ವಾಪಸ್ ಕೊಡಿಸೋಕೆ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಅದಕ್ಕೂ ಮೊದಲು 1961ರ ಕಾಯ್ದೆಯಲ್ಲಿ ಶಾನುಭೋಗಿಕೆ, ಪಟೇಲಿಕೆಯಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು, ನಮ್ಮ ತೋಟಿ ತಳವಾರಿಕೆಯ ಚಾಕರಿಯೂ ಜೊತೆಗೇ ಹೋಯ್ತು. 2000ದ ಆಸುಪಾಸಿನಲ್ಲಿ ಪಹಣಿಗಳೆಲ್ಲ "ಭೂಮಿ" ಯೋಜನೆಯ ಕಂಪ್ಯೂಟರಿಗೆ ಹೋದಾಗ ಒಂದು ತಮಾಷೆ ನಡೀತು: ಆ ಕಂಪ್ಯೂಟರ್ ಒಳಗೆ ಹೋಗೋಕೆ ಅಧಿಕಾರಿ ತನ್ನ ಬೆರಳಚ್ಚು ಕೊಡಬೇಕಿತ್ತು! ನಮ್ಮ ತಾತ ಇದ್ದಿದ್ದರೆ ನಕ್ಕು ಸಾಯ್ತಿದ್ದ.

ಕಡತ ಯಾರ ಕೈಲಿ ಇದೆಯೋ ಅವರು ಬರೆದದ್ದೇ ಸತ್ಯ ಅನ್ನೋ ಕಾಲ ಮುಗೀತು ಅಂದುಕೊಂಡೇ ನಾವು ಮನೆಗೆ ಕಂಪ್ಯೂಟರ್ ತಂದಿದ್ದು. ಹಿರಿಯರು ಹೇಳ್ತಾರೆ, ದಲಿತ ಸಂಘರ್ಷ ಸಮಿತಿಯ ಎಪ್ಪತ್ತರ ದಶಕದಲ್ಲಿ ಕರಪತ್ರ ಅಂದರೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡೋದು, ಕೈಯೆಲ್ಲ ಮಸಿ. ದೇವನೂರ ಮಹಾದೇವ ಅವರ ದೇವನೂರು ಇರೋದು ನಮ್ಮ ತಾಲೂಕಿನಲ್ಲೇ, ಆ ಹೆಮ್ಮೆ ನಮಗೆ ಸ್ವಲ್ಪ ಜಾಸ್ತಿನೇ. ನಮ್ಮ ಕಾಲಕ್ಕೆ ಬರಹ ಬಂತು, ನುಡಿ ಬಂತು, ಪೆನ್‌ಡ್ರೈವ್ ಬಂತು. ಪೆನ್‌ಡ್ರೈವ್ ಜೊತೆ ವೈರಸ್ಸೂ ಬಂತು.

ವೈರಸ್‌ಗೂ ಒಂದು ಚರಿತ್ರೆ ಇದೆ. ಪಿಸಿಗೆ ಬಂದ ಮೊದಲ ವೈರಸ್ ಅಂತ ಹೆಸರಾದದ್ದು "ಬ್ರೇನ್". 1986, ಲಾಹೋರ್. ಮಾಡಿದವರು ಅಲ್ವಿ ಅಂತ ಇಬ್ಬರು ಅಣ್ಣತಮ್ಮಂದಿರು. ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನ ಜನ ಕದ್ದು ಕಾಪಿ ಮಾಡ್ತಾರೆ ಅಂತ ಫ್ಲಾಪಿಯಲ್ಲಿ ಇದನ್ನ ಸೇರಿಸಿದ್ದರು. ಅದರೊಳಗೆ ತಮ್ಮ ಹೆಸರು, ಅಂಗಡಿ ವಿಳಾಸ, ಫೋನ್ ನಂಬರ್ ಕೂಡ ಬರೆದಿಟ್ಟಿದ್ದರು! ಕಳ್ಳ ವಿಳಾಸ ಕೊಟ್ಟು ಹೋಗ್ತಿದ್ದ ಕಾಲ.

2000ನೇ ಇಸವಿ ಮೇ 4ಕ್ಕೆ "ಐ ಲವ್ ಯೂ" ಅನ್ನೋ ಮೇಲ್ ಮನಿಲಾದಿಂದ ಹೊರಟು ಪ್ರಪಂಚ ಸುತ್ತಿತು. ಜೊತೆಗೆ ಪ್ರೇಮಪತ್ರದ ಹೆಸರಲ್ಲಿ ಒಂದು ಫೈಲ್. ನೋಡೋಕೆ ಬರೀ ಅಕ್ಷರದ ಫೈಲ್, ಕೊನೆಯಲ್ಲಿ ಟಿಎಕ್ಸ್‌ಟಿ ಅಂತ ಕಾಣ್ತಿತ್ತು. ಅದಾದ ಮೇಲೆ ವಿಬಿಎಸ್ ಅಂತ ಇನ್ನೊಂದು ಬಾಲ ಇತ್ತು, ಅದನ್ನ ವಿಂಡೋಸ್ ಮರೆಮಾಡ್ತಿತ್ತು. ಒತ್ತಿದರೆ ನಿಮ್ಮ ವಿಳಾಸದ ಪಟ್ಟಿಯಲ್ಲಿರೋ ಎಲ್ಲರಿಗೂ ನಿಮ್ಮ ಹೆಸರಲ್ಲೇ ಅದೇ ಪತ್ರ ಹೋಗೋದು. ಗುರುತಿದ್ದವರು ಕಳಿಸಿದ್ದಾರೆ ಅಂತ ಅವರೂ ಒತ್ತೋರು. ಬರೆದ ಹುಡುಗ ಒನೆಲ್ ದ ಗುಜ್ಮನ್ ಮೇಲೆ ಕೇಸ್ ನಿಲ್ಲಲಿಲ್ಲ, ಆಗ ಫಿಲಿಪೈನ್ಸ್‌ನಲ್ಲಿ ಅದಕ್ಕೆ ಕಾನೂನೇ ಇರಲಿಲ್ಲ. ಇಂಟರ್ನೆಟ್‌ಗೆ ದುಡ್ಡಿರಲಿಲ್ಲ, ಬೇರೆಯವರ ಪಾಸ್‌ವರ್ಡ್ ಕದಿಯೋಕೆ ಮಾಡಿದ್ದು ಅಂತ ಬಹಳ ವರ್ಷದ ಮೇಲೆ ಅವನೇ ಹೇಳಿಕೊಂಡ.

ನಮಗೆ ಅಂಟಿದ್ದು ಇದರ ಬಡ ಸಂಬಂಧಿ. 2008ರ ಅಂಬೇಡ್ಕರ್ ಜಯಂತಿ, ಕರಪತ್ರ ಮಾಡಿಸೋಕೆ ಒಂದು ಡಿಟಿಪಿ ಅಂಗಡಿಗೆ ಪೆನ್‌ಡ್ರೈವ್ ಕೊಟ್ಟೆ. ಮನೆಗೆ ತಂದು ಹಾಕಿದರೆ "ನ್ಯೂ ಫೋಲ್ಡರ್" ಅಂತ ಹಳದಿ ಬಣ್ಣದ ಒಂದು ಫೋಲ್ಡರ್. ಒತ್ತಿದೆ. ಅದು ಫೋಲ್ಡರ್ ಆಗಿರಲಿಲ್ಲ. ಫೋಲ್ಡರಿನ ಚಿತ್ರ ಹಾಕ್ಕೊಂಡಿದ್ದ ಪ್ರೋಗ್ರಾಂ, ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ ಅನ್ನೋ ಬಾಲ, ಮತ್ತೆ ಅದೇ ಮರೆ. ಸಂಘದ ಸದಸ್ಯರ ಪಟ್ಟಿ, ಹಾಡುಗಳನ್ನ ಟೈಪ್ ಮಾಡಿಟ್ಟಿದ್ದ ಫೈಲು ಎಲ್ಲಾ ಹೋಯ್ತು. ಅಂಗಡಿಯವನನ್ನ ಬೈದು ಪ್ರಯೋಜನ ಇರಲಿಲ್ಲ, ಅವನಿಗೂ ಯಾರದೋ ಪೆನ್‌ಡ್ರೈವ್‌ನಿಂದ ಬಂದದ್ದೇ. ಆಗ ನಾವೆಲ್ಲ ಹಾಕ್ಕೊಂಡಿದ್ದು ಕಾಪಿ ಸಿಡಿ ವಿಂಡೋಸ್, ಅಪ್‌ಡೇಟ್ ಕೇಳಿದರೆ ಭಯ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನೇ ಓಡೋ ಆಟೋರನ್ ಅನ್ನೋ ಸವಲತ್ತನ್ನ ಮೈಕ್ರೋಸಾಫ್ಟ್ ಹಳೇ ವಿಂಡೋಸ್‌ಗಳಲ್ಲಿ ಅಪ್‌ಡೇಟ್ ಮೂಲಕ ಮುಚ್ಚಿಸಿದ್ದು 2011ರ ಫೆಬ್ರವರಿಯಲ್ಲಿ. ಅಪ್‌ಡೇಟ್ ಮಾಡದ ನಮಗೆ ಅದೂ ದಕ್ಕಲಿಲ್ಲ.

ಇಷ್ಟು ದಿನ ವೈರಸ್ ಅಂದರೆ ನಮಗೆ ಇದ್ದದ್ದು ಕಳೆದುಹೋಗೋದು. ಇಲ್ಲದ್ದು ಬಂದು ಸೇರಿಕೊಳ್ಳಬಹುದು ಅಂತ ಗೊತ್ತಾಗಿದ್ದು ಭೀಮಾ ಕೋರೆಗಾಂವ್ ಪ್ರಕರಣದಲ್ಲಿ.

1818ರ ಜನವರಿ 1ರ ಕೋರೆಗಾಂವ್ ಕದನ, 1927ರ ಜನವರಿ 1ಕ್ಕೆ ಬಾಬಾಸಾಹೇಬರು ಆ ಸ್ತಂಭಕ್ಕೆ ಹೋಗಿದ್ದು ನಿಮಗೆಲ್ಲ ಗೊತ್ತು. ನಮ್ಮ ಮೈಸೂರು ಸೀಮೆಯಲ್ಲೂ ಈಗ ಆ ದಿನ ನೆನೆಯುತ್ತೇವೆ. 2018ರ ಇನ್ನೂರನೇ ವರ್ಷಕ್ಕೆ ಅಲ್ಲಿ ನಮ್ಮವರ ಮೇಲೆ ಕಲ್ಲು ಬಿತ್ತು. ಹಿಂದಿನ ದಿನ ಪುಣೆಯ ಶನಿವಾರವಾಡದಲ್ಲಿ ನಡೆದ ಎಲ್ಗಾರ್ ಪರಿಷತ್ತಿನ ಕೇಸಿನಲ್ಲಿ ಜೂನ್ 6ಕ್ಕೆ ಐದು ಜನರ ಬಂಧನ ಆಯ್ತು. ಅದರಲ್ಲಿ ನಾಗಪುರದ ದಲಿತ ವಕೀಲ ಸುರೇಂದ್ರ ಗಾಡ್ಲಿಂಗ್, ಸುಧೀರ್ ಢವಳೆ, ರೋನಾ ವಿಲ್ಸನ್ ಇದ್ದರು. ಮುಂದೆ 2020ರ ಏಪ್ರಿಲ್ 14ಕ್ಕೆ, ಬಾಬಾಸಾಹೇಬರ ಜಯಂತಿ ದಿನವೇ, ಆನಂದ್ ತೇಲ್ತುಂಬ್ಡೆ ಶರಣಾಗಬೇಕಾಯ್ತು. ಆ ದಿನ ನಾನು ಲಾಕ್‌ಡೌನಿನಲ್ಲಿ ಮನೆಯಲ್ಲೇ ಫೋಟೋಗೆ ಹೂ ಹಾಕಿ ಕೂತಿದ್ದೆ. ಕೇಸಿನ ಮುಖ್ಯ ಆಧಾರ ಏನು? ಕಂಪ್ಯೂಟರಿನಲ್ಲಿ ಸಿಕ್ಕಿದ ಪತ್ರಗಳು.

ವಿಲ್ಸನ್ ಪರ ವಕೀಲರು ಕೋರ್ಟಿನ ಮೂಲಕ ಪಡೆದ ಹಾರ್ಡ್‌ಡಿಸ್ಕ್ ಪ್ರತಿಯನ್ನ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಅನ್ನೋ ಸಂಸ್ಥೆ ಪರೀಕ್ಷೆ ಮಾಡಿತು. 2021ರ ಫೆಬ್ರವರಿಯಲ್ಲಿ ಹೊರಬಂದ ಅದರ ವರದಿ ಹೇಳೋದು ಹೀಗೆ. 2016ರ ಜೂನ್ 13ಕ್ಕೆ ವಿಲ್ಸನ್‌ಗೆ ಕವಿ ವರವರ ರಾವ್ ಅವರ ಮೇಲ್ ಖಾತೆಯಿಂದ ಸಾಲುಸಾಲು ಮೇಲ್ ಬಂದವು. ಖಾತೆ ರಾವ್ ಅವರದು, ಬಳಸ್ತಿದ್ದವರು ಬೇರೆ ಯಾರೋ. ಒಂದು ಫೈಲ್ ತೆರೆಯಿರಿ ಅಂತ ಮತ್ತೆ ಮತ್ತೆ ಒತ್ತಾಯ. ತೆರೆದಾಗ ಕಣ್ಣಿಗೆ ಒಂದು ದಾಖಲೆ ಕಾಣಿಸಿತು, ಹಿಂದೆಯೇ ನೆಟ್‌ವೈರ್ ಅನ್ನೋ ಕುತಂತ್ರಾಂಶ ಕೂತಿತು. ಅದೇನೂ ದೊಡ್ಡ ರಹಸ್ಯ ಆಯುಧ ಅಲ್ಲ, ಆಗ ಇಂಟರ್ನೆಟ್ಟಿನಲ್ಲಿ ದುಡ್ಡು ಕೊಟ್ಟರೆ ಸಿಗ್ತಿದ್ದ ಮಾಲು. 2023ರ ಮಾರ್ಚಿನಲ್ಲಷ್ಟೇ ಅದರ ಜಾಲತಾಣ ಮುಚ್ಚಿಸಿದ್ದು. ಅದು ಕೂತರೆ ದೂರದಲ್ಲಿರೋನು ನೀವು ಒತ್ತೋ ಕೀಲಿಗಳನ್ನ, ಪಾಸ್‌ವರ್ಡನ್ನ ನೋಡಬಹುದು, ಫೈಲ್ ತೆಗೆಯಬಹುದು, ಫೈಲ್ ಇಡಬಹುದು. ಇಪ್ಪತ್ತೆರಡು ತಿಂಗಳು ಯಾರೋ ಆ ಕಂಪ್ಯೂಟರ್ ಒಳಗೆ ವಾಸ ಇದ್ದರು. ಮರೆಮಾಡಿದ ಒಂದು ಫೋಲ್ಡರಿನಲ್ಲಿ ಕನಿಷ್ಠ ಹತ್ತು ಪತ್ರ ಇಟ್ಟರು. ವಿಲ್ಸನ್ ಅವನ್ನ ಒಮ್ಮೆಯೂ ತೆರೆದ ಗುರುತಿಲ್ಲ. ಅವರ ಯಂತ್ರದಲ್ಲಿ ಇಲ್ಲದೇ ಇದ್ದ ಹೊಸ ವರ್ಡ್‌ನಲ್ಲಿ ಆ ಪತ್ರಗಳು ತಯಾರಾಗಿದ್ದವು.

ನಮ್ಮ ಕಚೇರಿ ಭಾಷೆಯಲ್ಲಿ ಹೇಳೋದಾದರೆ, ಕಡತದಲ್ಲಿ ಹಳೇ ತಾರೀಕಿನ ಪತ್ರ ಇದೆ, ಆದರೆ ಟೈಪ್ ಮಾಡಿದ ಮೆಷಿನ್ ನಮ್ಮ ಕಚೇರಿಯದ್ದಲ್ಲ!

ಆಮೇಲೆ ಗಾಡ್ಲಿಂಗ್ ಅವರ ಕಂಪ್ಯೂಟರಿನಲ್ಲೂ ಹೀಗೇ ಕನಿಷ್ಠ 14 ಪತ್ರ ಇಟ್ಟಿದ್ದಾರೆ ಅಂತ ವರದಿ ಬಂತು. 2022ರ ಡಿಸೆಂಬರಿನಲ್ಲಿ ಸ್ಟ್ಯಾನ್ ಸ್ವಾಮಿಯವರದ್ದು. 2014ರ ಅಕ್ಟೋಬರಿನಿಂದಲೇ ಅವರ ಕಂಪ್ಯೂಟರಿನಲ್ಲಿ ಬೇರೆಯವರಿದ್ದರು, 40ಕ್ಕೂ ಹೆಚ್ಚು ಫೈಲು ಸೇರಿಸಿದ್ದರು, 2019ರ ಜೂನ್ 12ಕ್ಕೆ ಪೊಲೀಸರು ಜಪ್ತಿ ಮಾಡೋ ಹಿಂದಿನ ದಿನ ತಮ್ಮ ಹೆಜ್ಜೆಗುರುತು ಒರೆಸೋ ಕೆಲಸ ಮಾಡಿದ್ದರು ಅಂತ ಅದರಲ್ಲಿದೆ. ಆ ವರದಿ ಓದೋಕೆ ಸ್ವಾಮಿ ಇರಲಿಲ್ಲ. 2021ರ ಜುಲೈ 5ಕ್ಕೆ ತೀರಿಕೊಂಡಿದ್ದರು, ಜಾಮೀನಿಗೆ ಕಾಯ್ತಾ.

ಇನ್ನೊಂದು ಪಕ್ಷ ಏನು ಹೇಳಿದೆ ಅನ್ನೋದೂ ಗೊತ್ತಿರಲಿ. ಸರ್ಕಾರಿ ಲ್ಯಾಬಿನ ಪರೀಕ್ಷೆಯಲ್ಲಿ ಅಂಥ ಕುತಂತ್ರಾಂಶ ಕಂಡಿಲ್ಲ ಅಂತ ಎನ್‌ಐಎ ಹೇಳಿತು. ದಾಳಿ ಮಾಡಿದ್ದು ಯಾರು ಅಂತ ಆರ್ಸೆನಲ್ ಹೆಸರಿಸಿಲ್ಲ. ನನ್ನ ಅಭಿಪ್ರಾಯ ನೀವು ಊಹಿಸಬಹುದು. ಆದರೆ ಇವತ್ತು ನಾನು ಹೇಳಬೇಕಿರೋದು ಬೇರೆ: ಪತ್ರ ಅವರದ್ದಲ್ಲ ಅಂತ ವರದಿ ಬಂದ ಮೇಲೂ ವಿಲ್ಸನ್, ಢವಳೆ ಜೈಲಿನಿಂದ ಹೊರಬರೋಕೆ 2025ರ ಜನವರಿ ಆಯ್ತು. ಆರೂವರೆ ವರ್ಷ. ಜಾಮೀನು ಕೊಡುವಾಗಲೂ ಆರೋಪ ನಿಗದಿ ಆಗಿರಲಿಲ್ಲ. ಹೆಬ್ಬೆಟ್ಟು ಒತ್ತೋಕೆ ಒಂದು ಕ್ಷಣ, ಅದು ನಂದಲ್ಲ ಅಂತ ಸಾಬೀತು ಮಾಡೋಕೆ ಅರ್ಧ ಆಯಸ್ಸು. ಪಿಟಿಸಿಎಲ್ ಕೇಸು ನಡೆಸಿದ ಯಾರನ್ನಾದರೂ ಕೇಳಿ.

ನರಸೀಪುರದ ಹುಡುಗನ ವಿಷಯಕ್ಕೆ ಬರ್ತೀನಿ. ನಮ್ಮನ್ನೇ ಗುರಿ ಮಾಡಿ ಕಳಿಸಿದ್ದು ಅಂತ ನಾನು ಹೇಳಲ್ಲ. ದುಡ್ಡು ಹೊಡೆಯೋ ಕಳ್ಳರೇ ಇರಬಹುದು, ಈಗ ವಾಟ್ಸಾಪಿನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ ಕಳಿಸ್ತಾರಲ್ಲ, ಆ ಜಾತಿಯವರು. ಬಾಗಿಲು ತೆರೆದಿದ್ದದ್ದು ಮಾತ್ರ ನನ್ನ ಕಡೆಯಿಂದ. ನನ್ನ ಮೇಲ್ ಪಾಸ್‌ವರ್ಡ್ ಮಗಳ ಹೆಸರು, ಅವಳು ಹುಟ್ಟಿದ ವರ್ಷ. ಹತ್ತು ವರ್ಷದಿಂದ ಅದೇ, ಎಲ್ಲಾ ಕಡೆಗೂ ಅದೇ. ಇನ್ನೊಬ್ಬರಿಗೆ ಉಪದೇಶ ಮಾಡೋನ ಮನೆ ದೋಸೆನೇ ತೂತು.

ಅವತ್ತೇ ಅವನಿಗೆ ವೈಫೈ ಆಫ್ ಮಾಡಿಸಿದೆ. ಏನನ್ನೂ ಡಿಲೀಟ್ ಮಾಡಬೇಡ ಅಂದೆ. ವಿಲ್ಸನ್ ಡಿಸ್ಕ್ ಹಾಗೇ ಇದ್ದದ್ದಕ್ಕೇ ತಾನೇ ಆ ವರದಿ ಸಾಧ್ಯ ಆಗಿದ್ದು? ಹಳೇ ಹಾರ್ಡ್‌ಡಿಸ್ಕ್ ಬಿಚ್ಚಿ ತಾರೀಕು ಬರೆದು ಕವರಿನಲ್ಲಿಟ್ಟು, ಹೊಸದು ಹಾಕಿಸಿ, ವಿಂಡೋಸ್ 11 ಹಾಕಿಸಿದೆವು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಅದರಲ್ಲೇ ಇರೋರು ಗಮನಿಸಿ. ಅಪ್‌ಡೇಟ್ ಅಂದರೆ ತಲೆನೋವು ಅನ್ನೋರಿಗೆ ಒಂದೇ ಮಾತು: 2017ರ ಮೇ 12ಕ್ಕೆ ವಾನಾಕ್ರೈ 150 ದೇಶದ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತಲ್ಲ, ಆ ತೂತಿಗೆ ತೇಪೆ ಮಾರ್ಚ್ 14ಕ್ಕೇ ಬಂದಿತ್ತು. ಆಂಟಿವೈರಸ್‌ಗೆ ದುಡ್ಡಿಲ್ಲ ಅಂತ ಕ್ರ್ಯಾಕ್ ಹುಡುಕಬೇಡಿ, ವೈರಸ್ ಬರೋದೇ ಅದರಲ್ಲಿ. ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಮನೆ ಬಳಕೆಗೆ ಸಾಕು, ಆಫ್ ಮಾಡದೇ ಇದ್ದರೆ ಆಯ್ತು.

ಫೈಲಿನ ಬಾಲ ಕಾಣೋ ಹಾಗೆ ಮಾಡಿಕೊಳ್ಳಿ. ಫೋಲ್ಡರ್ ತೆರೆದರೆ ಮೇಲೆ ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್. ಆಗ ಫೋಟೋ ವೇಷದ ಇಎಕ್ಸ್‌ಇ ಬರಿಗಣ್ಣಿಗೇ ಸಿಕ್ಕಿಬೀಳುತ್ತೆ. ದಿನದ ಕೆಲಸಕ್ಕೆ ಅಡ್ಮಿನ್ ಅಲ್ಲದ ಬೇರೆ ಖಾತೆ ಇರಲಿ, ಆಗ "ಯೆಸ್" ಒಂದರಿಂದಲೇ ಎಲ್ಲಾ ಆಗಲ್ಲ, ಪಾಸ್‌ವರ್ಡೂ ಕೇಳುತ್ತೆ. ಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ. ನಮ್ಮವರೇ ಫೈಲ್ ಕಳಿಸಿದ್ದರೂ ಒತ್ತೋ ಮುಂಚೆ ಒಂದು ಫೋನ್ ಮಾಡಿ, ಬೇಜಾರು ಮಾಡ್ಕೊಳ್ಳಲ್ಲ. ಆ ಹುಡುಗ ಫೋನ್ ಮಾಡಿದ, ಆದರೆ ಒತ್ತಿದ ಮೇಲೆ. ಕೇಸಿನ ಕಾಗದಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಕಂಪ್ಯೂಟರಿಗೆ ಚುಚ್ಚದೆ ಬೀರುವಿನಲ್ಲಿರಲಿ. ಸಾಕ್ಷಿಗಳ ಪಟ್ಟಿ ನಾನಂತೂ ಈಗ ನೋಟ್‌ಬುಕ್ಕಿಗೆ ವಾಪಸ್ ಬರೆದಿದ್ದೀನಿ.

ಜಪ್ತಿ ಬಂದರೆ ಏನು ಅಂತಾನೂ ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ 105ನೇ ಕಲಂ ಪ್ರಕಾರ ಶೋಧ, ಜಪ್ತಿಯ ವಿಡಿಯೋ ಮಾಡಬೇಕು. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ ಬರೆಯೋ ಜಾಗ ಇದೆ. ಹ್ಯಾಶ್ ಅಂದರೆ ಡಿಸ್ಕಿನ ಹೆಬ್ಬೆಟ್ಟು: ಒಳಗೆ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಪೂರ್ತಿ ಬೇರೆಯಾಗುತ್ತೆ. ಆ ಸಂಖ್ಯೆಯನ್ನ ಅಲ್ಲೇ ಕೇಳಿ, ಬರೆಸಿಕೊಳ್ಳಿ.

ಕಳೆದ ಭಾನುವಾರ ನಾನು, ಆ ಹುಡುಗ ಸಾಕ್ಷಿಗಳ ಮನೆಗಳಿಗೆ ಹೋಗಿದ್ವಿ. ನಿಮ್ಮ ಹೆಸರು, ನಂಬರು ಹೊರಗೆ ಹೋಗಿರಬಹುದು, ತಪ್ಪು ನಮ್ಮದು ಅಂತ ಹೇಳೋಕೆ. ಒಬ್ಬರು ಅವ್ವ, "ಹೆಸ್ರು ಹೋದ್ರೆ ಹೋಗ್ಲಿ ಬುಡಪ್ಪ, ನಾ ಕಂಡುದ್ದು ಊರ್ಗೇ ಗೊತ್ತು" ಅಂದರು. ಇನ್ನೊಂದು ಮನೆಯವರು ಏನೂ ಮಾತಾಡಲಿಲ್ಲ. ಎರಡು ದಿನದ ಮೇಲೆ ಫೋನ್ ಮಾಡಿ, ಯೋಚನೆ ಮಾಡಬೇಕು ಅಂದಿದ್ದಾರೆ. ಇನ್ನೂ ಯೋಚನೆ ಮಾಡ್ತಿದ್ದಾರೆ.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಂಜನಗೂಡಿನ ನಮ್ಮ ಮನೆಗೆ ಲ್ಯಾಪ್‌ಟಾಪ್ ಇರೋರು ತಗೊಂಡು ಬನ್ನಿ, ಈ ಸೆಟ್ಟಿಂಗ್‌ಗಳನ್ನ ಒಟ್ಟಿಗೆ ಕೂತು ಮಾಡೋಣ. ಚಾರ್ಜರ್ ಮರೀಬೇಡಿ. ಪೆನ್‌ಡ್ರೈವ್ ಮಾತ್ರ ಮನೇಲೇ ಇಟ್ಟು ಬನ್ನಿ.