ತಳುಕಿನ ಬಸ್‌ಸ್ಟಾಪು, ರಾಮಾಚಾರಿ ಮತ್ತು ಒಂದು ಜಗಳ

ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ಬಸ್ಸು ತಳುಕಿನಲ್ಲಿ ಎರಡು ನಿಮಿಷ ನಿಲ್ಲುತ್ತೆ. ಇಳಿಯೋರು ನಾಲ್ಕು ಜನ, ಹತ್ತೋರು ಐದು ಜನ, ಕಿಟಕಿ ಹತ್ತಿರ ಬಂದು ಕಡ್ಲೇಕಾಯಿ ಮಾರೋ ಹುಡುಗ ಒಬ್ಬ. ಅಷ್ಟೇ. ಚಿಕ್ಕಂದಿನಿಂದ ನೂರಾರು ಸಲ ಈ ದಾರೀಲಿ ಓಡಾಡಿದ್ದೀನಿ. ಒಂದು ಸಲವೂ ಇಳಿದು ನೋಡಿರಲಿಲ್ಲ.

ಹೋದ ತಿಂಗಳು ಚಿಕ್ಕಪ್ಪನ ಮಗಳ ಮದುವೆಗೆ ಸೀರೆ ತರೋಕೆ ಮೊಳಕಾಲ್ಮೂರಿಗೆ ಹೊರಟಿದ್ವಿ. ಪಕ್ಕದಲ್ಲಿ ಚಿಕ್ಕಪ್ಪ. ನಿವೃತ್ತ ಮೇಷ್ಟ್ರು, ಮಾತು ಜಾಸ್ತಿ. ಬಸ್ಸು ತಳುಕಲ್ಲಿ ನಿಂತಾಗ ಕೇಳಿದರು, "ನಿಮ್ಮ ಬೆಂಗಳೂರಲ್ಲಿ ನಾಗರಹಾವು ಯಾರದ್ದು ಅಂತ ಕೇಳಿದ್ರೆ ಏನಂತಾರೆ?" ನಾನು ಥಟ್ಟಂತ "ಪುಟ್ಟಣ್ಣ ಕಣಗಾಲ್" ಅಂದೆ. "ತಪ್ಪು. ಈ ಊರಿನವರದ್ದು" ಅಂತ ಕಿಟಕಿಯಾಚೆ ಕೈ ತೋರಿಸಿದರು. ಅಲ್ಲಿಂದ ಶುರುವಾದ ವಾದ ಹಾನಗಲ್ ದಾಟಿದರೂ ಮುಗೀಲಿಲ್ಲ. ವಾಪಸ್ ಬಂದಮೇಲೂ ತಲೆಯಿಂದ ಹೋಗಲಿಲ್ಲ. ಅದಕ್ಕೇ ಇದನ್ನ ಬರೀತಿದ್ದೀನಿ. ಇನ್ನೊಂದು ಕಾರಣಾನೂ ಇದೆ, ಕೊನೇಲಿ ಹೇಳ್ತೀನಿ.

ತ.ರಾ.ಸು. ಅಂದರೆ ತಳುಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾವ್. ಹುಟ್ಟಿದ್ದು 1920ರ ಏಪ್ರಿಲ್‌ನಲ್ಲಿ, ಮಲೆಬೆನ್ನೂರಿನಲ್ಲಿ. ಆದರೆ ಮನೆತನ ತಳುಕಿನದು. ಆ ಒಂದೇ ಮನೆಯಿಂದ ಮೂರು ಜನ ಕನ್ನಡಕ್ಕೆ ಬಂದರು. ದೊಡ್ಡಪ್ಪ ತಳುಕಿನ ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು. ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅರ್ಪಿಸಿರೋದು ಇವರಿಗೇ. ಇನ್ನೊಬ್ಬರು ವೆಂಕಣ್ಣಯ್ಯನವರ ತಮ್ಮ ತ.ಸು. ಶಾಮರಾಯರು. ಮನೆತನದ ಕಥೆಯನ್ನೇ 'ಮೂರು ತಲೆಮಾರು' ಅಂತ ಬರೆದಿಟ್ಟರು. ವಿಚಿತ್ರ ಏನು ಗೊತ್ತಾ? ಈ ಮನೆಯ ಮನೆಮಾತು ತೆಲುಗು. ನಮ್ಮ ಕಡೆಯವರಿಗೆ ಇದರಲ್ಲಿ ವಿಚಿತ್ರ ಏನೂ ಇಲ್ಲ ಬಿಡಿ. ಮೊಳಕಾಲ್ಮೂರು ದಾಟಿದರೆ ರಾಯದುರ್ಗ, ಅದು ಆಗಲೇ ಆಂಧ್ರ. ಸಂತೆಯಲ್ಲಿ ಎರಡೂ ಭಾಷೇಲಿ ಚೌಕಾಸಿ ನಡೆಯುತ್ತೆ. ಆ ಮನೆಯೊಳಗೆ ಕನ್ನಡ ತಂದದ್ದು ವೆಂಕಣ್ಣಯ್ಯನವರ ಹಟ.

ಸುಬ್ಬರಾವ್ ಮೊದಲ ಕಥೆ ಬರೆದದ್ದೂ ಇದೇ ದೊಡ್ಡಪ್ಪನ ಜೊತೆ ಪಂಥ ಕಟ್ಟಿ. ಆಗ ಇನ್ನೂ ಹದಿನೇಳರ ಹುಡುಗ. ಕಥೆಯ ಹೆಸರು 'ಪುಟ್ಟನ ಚೆಂಡು'. ಮುಂದೆ ಇಂಟರ್‌ಮೀಡಿಯೆಟ್ ಓದ್ತಾ ಇದ್ದಾಗ 1942ರ ಚಳವಳಿ ಬಂತು. ಕಾಲೇಜು ಬಿಟ್ಟರು, ಜೈಲಿಗೆ ಹೋದರು. ಹೊರಗೆ ಬಂದಮೇಲೆ ಪತ್ರಿಕೆಗಳಲ್ಲಿ ಕೆಲಸ. ಅ.ನ.ಕೃ., ನಿರಂಜನ, ಕಟ್ಟೀಮನಿ ಇವರೆಲ್ಲ ಇದ್ದ ಪ್ರಗತಿಶೀಲರ ಗುಂಪಿಗೆ ಸೇರಿದರು. ಆಮೇಲೆ ಬರವಣಿಗೆಯೇ ಬದುಕು. ಡಿಗ್ರಿ ಇಲ್ಲ, ಪೆನ್ಷನ್ ಇಲ್ಲ, ಮೇಷ್ಟರ ಕೆಲಸ ಇಲ್ಲ. ತಿಂಗಳ ಕೊನೆಗೆ ಅಕೌಂಟಿಗೆ ಸಂಬಳ ಬಿದ್ದಿದೆಯಾ ಅಂತ ಮೊಬೈಲ್ ನೋಡೋ ನನ್ನಂಥವನಿಗೆ ಈ ಒಂದು ಸಾಲು ಬರೆಯೋಕೇ ಭಯ ಆಗುತ್ತೆ.

ಬರೆದದ್ದು ಎಷ್ಟು? ಅರವತ್ತಕ್ಕೂ ಹೆಚ್ಚು ಕಾದಂಬರಿ. ಸುಮಾರು ನಲವತ್ತು ವರ್ಷದ ಬರಹದ ಬದುಕಿಗೆ ಭಾಗಿಸಿದರೆ ವರ್ಷಕ್ಕೆ ಒಂದೂವರೆ ಪುಸ್ತಕ, ಜೊತೆಗೆ ಕಥೆ, ನಾಟಕ. ಸ್ಫೂರ್ತಿ ಬರಲಿ ಅಂತ ಕಾಯ್ತಾ ಕೂತೋರಿಗೆ ಈ ಲೆಕ್ಕ ಸಾಧ್ಯವಿಲ್ಲ. ದಿನಾ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋ ಹಾಗೆ ಕೂತು ಬರೆದವರ ಲೆಕ್ಕ ಇದು.

ಅವರ ಪುಸ್ತಕಗಳ ಪಟ್ಟಿ ಹರಡಿಕೊಂಡು ನೋಡಿದಾಗ ನನ್ನ ಎಂಜಿನಿಯರ್ ತಲೆಗೆ ಒಂದು ಪ್ಯಾಟರ್ನ್ ಕಾಣಿಸ್ತು. ಈ ಮನುಷ್ಯ ಮೂರು ಮೂರಾಗಿ ಬರೀತಾರೆ! 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಒಂದು ಕಥೆ. 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಒಂದು ಕಥೆ. 'ಆಕಸ್ಮಿಕ', 'ಅಪರಾಧಿ', 'ಪರಿಣಾಮ' ಇನ್ನೊಂದು. ಪಾತ್ರವೊಂದು ಹುಟ್ಟಿದರೆ ಅದನ್ನ ಒಂದೇ ಪುಸ್ತಕದಲ್ಲಿ ಮುಗಿಸಿ ಕೈ ತೊಳೆದುಕೊಳ್ಳೋದಿಲ್ಲ. ಅದರ ಯೌವನ, ಅದರ ತಪ್ಪು, ಆ ತಪ್ಪಿನ ಫಲ, ಎಲ್ಲಕ್ಕೂ ಜಾಗ ಕೊಡ್ತಾರೆ. ಓದುಗನಿಗೂ ಮುಂದಿನ ಪುಸ್ತಕಕ್ಕೆ ಕಾಯೋ ಚಟ ಹತ್ತುತ್ತೆ.

ಎರಡನೇ ಅಭ್ಯಾಸ, ಒಂದೇ ನೆಲಕ್ಕೆ ಮರಳಿ ಮರಳಿ ಹೋಗೋದು. ದುರ್ಗದ ಪಾಳೆಯಗಾರರ ಮೇಲೇ ಎಂಟು ಕಾದಂಬರಿ. ಅದರ ಕೊನೆಯದು 'ದುರ್ಗಾಸ್ತಮಾನ', 1779ರಲ್ಲಿ ಹೈದರಾಲಿಗೆ ಕೋಟೆ ಸೋತ ಮದಕರಿನಾಯಕನ ಕಥೆ. ಪ್ರಕಟವಾದದ್ದು 1982ರಲ್ಲಿ. ಆಗ ಅವರಿಗೆ ಅರವತ್ತೆರಡು. ಹುಡುಗನಾಗಿದ್ದಾಗ ಕಂಡ ಕೋಟೆಯ ಅಂತ್ಯ ಬರೆಯೋಕೆ ಅಷ್ಟು ವರ್ಷ ತಗೊಂಡರು.

ಇನ್ನು ಸಿನಿಮಾಕ್ಕೆ ಬರೋಣ.

ತ.ರಾ.ಸು. ಕಥೆ ಮೊದಲು ದೊಡ್ಡ ತೆರೆಯಲ್ಲಿ ಹೆಸರು ಮಾಡಿದ್ದು ಕನ್ನಡದಲ್ಲಲ್ಲ, ಹಿಂದಿಯಲ್ಲಿ. ಇದು ನನಗೂ ಗೊತ್ತಿರಲಿಲ್ಲ. 1956ರ 'ಬಸಂತ್ ಬಹಾರ್', ಭೀಮಸೇನ ಜೋಶಿ ಮತ್ತು ಮನ್ನಾ ಡೇ ಜುಗಲ್‌ಬಂದಿ ಹಾಡಿದ್ದಾರಲ್ಲ, ಆ ಚಿತ್ರಕ್ಕೆ ಆಧಾರ 'ಹಂಸಗೀತೆ'. ಹೊಗಳಿಕೆಗೂ ಹೆದರಿಕೆಗೂ ಬಗ್ಗದೆ ತನ್ನ ನಾಲಗೆಯನ್ನೇ ಕತ್ತರಿಸಿಕೊಂಡ ಅಂತ ಐತಿಹ್ಯ ಇರೋ ದುರ್ಗದ ಗಾಯಕ ಭೈರವಿ ವೆಂಕಟಸುಬ್ಬಯ್ಯನ ಕಥೆ ಅದು. ಸುಮಾರು ಇಪ್ಪತ್ತು ವರ್ಷ ಆದಮೇಲೆ, 1975ರಲ್ಲಿ, ಜಿ.ವಿ. ಅಯ್ಯರ್ ಅದನ್ನೇ ಕನ್ನಡದಲ್ಲಿ ತೆಗೆದರು. ಅನಂತ್‌ನಾಗ್ ನಟನೆ, ಬಾಲಮುರಳಿಕೃಷ್ಣರ ದನಿ. ಎರಡೂ ಸಿನಿಮಾ ಒಟ್ಟಿಗೆ ನೋಡಿ. ಬೀಜ ಒಂದೇ, ಗಿಡ ಬೇರೆ ಬೇರೆ. ಒಂದು ಬೊಂಬಾಯಿಯ ತೋಟದ ಹೂವು, ಇನ್ನೊಂದು ನಮ್ಮ ಬಯಲುಸೀಮೆಯ ಜಾಲಿ.

ನಡುವೆ 1964ರಲ್ಲಿ 'ಚಂದವಳ್ಳಿಯ ತೋಟ' ಬಂತು. ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನ, ರಾಜ್‌ಕುಮಾರ್, ಉದಯಕುಮಾರ್. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಆಮೇಲೆ ದೊರೆ-ಭಗವಾನ್ ಜೋಡಿ ಸಾಲಾಗಿ ಇವರ ಕಾದಂಬರಿ ಹಿಡಿದರು: 'ಚಂದನದ ಗೊಂಬೆ', 'ಗಾಳಿಮಾತು', 'ಬೆಂಕಿಯ ಬಲೆ'. ಅದು ಕಾದಂಬರಿ ಓದೋರೇ ಸಿನಿಮಾ ನೋಡ್ತಿದ್ದ ಕಾಲ. ಲೈಬ್ರರಿಯಲ್ಲಿ ಪುಟ ಹರಿದುಹೋಗಿದ್ದರೆ ಆ ಕಥೆ ಓಡುತ್ತೆ ಅಂತ ನಿರ್ಮಾಪಕರಿಗೆ ಗ್ಯಾರಂಟಿ. ಈಗಿನ ಭಾಷೇಲಿ ಬೀಟಾ ಟೆಸ್ಟಿಂಗ್ ಆಗಲೇ ಮುಗಿದಿರೋ ಕಥೆ :)

ಆಮೇಲೆ 'ನಾಗರಹಾವು'. 1972ರ ಡಿಸೆಂಬರ್ ಕೊನೆ. ಎನ್. ವೀರಾಸ್ವಾಮಿ ನಿರ್ಮಾಣ, ಪುಟ್ಟಣ್ಣ ನಿರ್ದೇಶನ. ವಿಷ್ಣುವರ್ಧನ್ ಅನ್ನೋ ಹೆಸರು, ಅಂಬರೀಶ್ ಅನ್ನೋ ಮುಖ, ಎರಡೂ ಕನ್ನಡಕ್ಕೆ ಸಿಕ್ಕಿದ್ದು ಆ ಚಿತ್ರದಿಂದ. ಮೂರು ಕಾದಂಬರಿಗಳನ್ನ ಸುಮಾರು ಮೂರು ಗಂಟೆಗೆ ಇಳಿಸಬೇಕು. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು? ಓದುವಾಗ ರಾಮಾಚಾರಿಯ ಮನಸ್ಸಿನೊಳಗೆ ಪುಟಗಟ್ಟಲೆ ಕೂರಬಹುದು. ತೆರೆ ಮೇಲೆ ಮನಸ್ಸು ಕಾಣೋಲ್ಲ, ಮುಖ ಮಾತ್ರ ಕಾಣುತ್ತೆ. ಹಾಗಾಗಿ ಒಳಗಿನದ್ದನ್ನೆಲ್ಲ ಹೊರಗೆ ತರಬೇಕು: ಕಲ್ಲು, ಬಂಡೆ, ಬೆಟ್ಟ, ಕೂಗು. ಪುಟ್ಟಣ್ಣ ಕೋಟೆಯನ್ನೇ ಒಂದು ಪಾತ್ರ ಮಾಡಿಬಿಟ್ಟರು. ಚಾಮಯ್ಯ ಮೇಷ್ಟ್ರು ಅಂದರೆ ಇವತ್ತಿಗೂ ನಮಗೆ ಅಶ್ವತ್ಥ್ ಮುಖವೇ ಬರೋದು, ಕಾದಂಬರಿಯ ಸಾಲು ಅಲ್ಲ.

ತ.ರಾ.ಸು.ಗೆ ಇದು ಹಿಡಿಸಲಿಲ್ಲ. ನನ್ನ ನಾಗರಹಾವನ್ನ ಕೇರೆಹಾವು ಮಾಡಿದ್ದಾರೆ ಅನ್ನೋ ಅರ್ಥದ ಅವರ ಮಾತು ಗಾದೆ ಥರ ಉಳಿದುಬಿಟ್ಟಿದೆ. ಚಿಕ್ಕಪ್ಪ ಬಸ್ಸಲ್ಲಿ ಅದನ್ನೇ ಹೇಳಿ ನನ್ನ ಬಾಯಿ ಮುಚ್ಚಿಸಿದ್ದು. "ಹೆತ್ತವನಿಗೆ ಗೊತ್ತಿರುತ್ತೆ ಕಣೋ, ಅದು ಯಾವ ಹಾವು ಅಂತ."

ನಾನು ಸುಮ್ಮನಾಗಲಿಲ್ಲ. ಒಂದು ಪ್ಲಾಟ್‌ಫಾರ್ಮಿನಲ್ಲಿ ಓಡೋ ಪ್ರೋಗ್ರಾಮನ್ನ ಇನ್ನೊಂದಕ್ಕೆ ಪೋರ್ಟ್ ಮಾಡೋವಾಗ ಸಾಲು ಸಾಲಾಗಿ ನಕಲು ಮಾಡಿದರೆ ಅದು ಓಡೋದೇ ಇಲ್ಲ. ಹೊಸ ಯಂತ್ರದ ಸ್ವಭಾವ ನೋಡಿ ತಿರುಗಿ ಬರೀಬೇಕು. ಪುಟ್ಟಣ್ಣ ಮಾಡಿದ್ದೂ ಅದೇ ಅಂದೆ. ಅದೇ ಕಥೆಯನ್ನ ಪುಟ್ಟಣ್ಣನೇ 1974ರಲ್ಲಿ ರಿಷಿ ಕಪೂರ್ ಹಾಕಿಕೊಂಡು 'ಜಹ್ರೀಲಾ ಇನ್ಸಾನ್' ಅಂತ ಹಿಂದಿಯಲ್ಲಿ ತೆಗೆದರು. ಇದೇ ಕೋಟೆಯಲ್ಲೂ ಚಿತ್ರೀಕರಿಸಿದರು. ಕಲ್ಲು ಅದೇ, ನಿರ್ದೇಶಕ ಅದೇ, ಆದರೂ ಕನ್ನಡದ ಮಾಂತ್ರಿಕತೆ ಅಲ್ಲಿಗೆ ಹೋಗಲಿಲ್ಲ. ಹಾಗಾದರೆ ಗೆಲುವು ಬರೀ ನಿರ್ದೇಶಕನದಲ್ಲ ಅಂತಾಯ್ತಲ್ಲ? ಆ ಭಾಷೆ, ಆ ಓಣಿ, ಆ ಮೇಷ್ಟ್ರು-ಶಿಷ್ಯ ಸಂಬಂಧ, ಇವೆಲ್ಲ ಮೂಲ ಬರಹಗಾರನ ಮಣ್ಣಿನಿಂದ ಬಂದದ್ದು. ಅಲ್ಲಿಗೆ ನನ್ನ ವಾದವೇ ನನಗೆ ತಿರುಗುಬಾಣ ಆಯ್ತು. ಚಿಕ್ಕಪ್ಪ ನಕ್ಕರು.

ಇನ್ನೊಂದು ದಾರಿಯೂ ಇದೆ ಅನ್ನೋದಕ್ಕೆ ದುರ್ಗದವರೇ ಆದ ಬಿ.ಎಲ್. ವೇಣು ಉದಾಹರಣೆ. ಇವರು ಸರ್ಕಾರಿ ನೌಕರಿ ಮಾಡಿಕೊಂಡೇ, ಚಿತ್ರದುರ್ಗದಲ್ಲೇ ಇದ್ದುಕೊಂಡು, ಕಾದಂಬರಿಯನ್ನೂ ಸಿನಿಮಾ ಸಂಭಾಷಣೆಯನ್ನೂ ಬರೆದರು. 1982ರ 'ಪರಾಜಿತ' ಇವರ ಕಾದಂಬರಿ. 2006ರಲ್ಲಿ ನಾಗಾಭರಣ ನಿರ್ದೇಶಿಸಿದ 'ಕಲ್ಲರಳಿ ಹೂವಾಗಿ' ಚಿತ್ರದ ಕಥೆಯೂ ಇವರದೇ, ಮದಕರಿಯ ಕಾಲದ್ದು. ಅದಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಬಂತು. ಒಬ್ಬರು ಎಲ್ಲ ಬಿಟ್ಟು ಬರೆದರು, ಇನ್ನೊಬ್ಬರು ಕೆಲಸ ಇಟ್ಟುಕೊಂಡು ಬರೆದರು. ಇಬ್ಬರಿಗೂ ಅದೇ ಕೋಟೆ ಅನ್ನ ಹಾಕಿತು. ಕೆಲಸ ಬಿಟ್ಟರೆ ಮಾತ್ರ ಬರಹಗಾರ ಆಗಬಹುದು ಅಂತ ರಾತ್ರಿ ಹನ್ನೊಂದಕ್ಕೆ ಟೀ ಕುಡೀತಾ ಭಾಷಣ ಮಾಡೋ ನನ್ನ ಸ್ನೇಹಿತರು ದಯವಿಟ್ಟು ಇದನ್ನ ಗಮನಿಸಿ.

ಈಗ ಆ ಇನ್ನೊಂದು ಕಾರಣ. ನಾನು ಬರೆದ ಒಂದು ಸಣ್ಣ ಕಥೆಯನ್ನ ಗೆಳೆಯನೊಬ್ಬ ಹನ್ನೆರಡು ನಿಮಿಷದ ಕಿರುಚಿತ್ರ ಮಾಡಿದ. ಕೊನೆ ಬದಲಾಯಿಸಿದ. ನನ್ನ ಕಥೆಯಲ್ಲಿ ಮುದುಕ ಊರು ಬಿಟ್ಟು ಹೋಗ್ತಾನೆ, ಅವನ ಚಿತ್ರದಲ್ಲಿ ಬಾಗಿಲಲ್ಲಿ ನಿಂತೇ ಇರ್ತಾನೆ. ತೋರಿಸಿದ ದಿನ ನಾನು ಹತ್ತು ಜನರ ಮುಂದೆ "ಇದು ನನ್ನದಲ್ಲ, ಹೆಸರು ತೆಗಿ" ಅಂದುಬಿಟ್ಟೆ. ಕೇರೆಹಾವಿನ ಮಾತು ಆಗ ಗೊತ್ತಿದ್ದಿದ್ದರೆ ಅದನ್ನೂ ಎಸೆದಿರ್ತಿದ್ದೆ. ನಾಲ್ಕು ತಿಂಗಳಾಯ್ತು, ಮಾತಿಲ್ಲ.

ಮೊನ್ನೆ ಇದನ್ನ ಬರೆಯೋಕೆ ಅಂತ ಇಸವಿಗಳನ್ನ ಒಂದರ ಕೆಳಗೆ ಒಂದು ಬರೆದುಕೊಳ್ತಿದ್ದೆ. ಒಂದು ಕಡೆ ಕೈ ನಿಂತಿತು. ಪುಟ್ಟಣ್ಣನ ಕೊನೆಯ ಚಿತ್ರ 'ಮಸಣದ ಹೂವು'. ಆ ಕಾದಂಬರಿ ಯಾರದ್ದು ಹೇಳಿ? ತ.ರಾ.ಸು. ಅವರದ್ದೇ! ಕೇರೆಹಾವಿನ ಮಾತು ಆಡಿದವರ ಪುಸ್ತಕಕ್ಕೇ ಆ ನಿರ್ದೇಶಕ ವಾಪಸ್ ಬಂದಿದ್ದರು. ತ.ರಾ.ಸು. 1984ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಪುಟ್ಟಣ್ಣ 1985ರ ಜೂನ್‌ನಲ್ಲಿ, ಚಿತ್ರ ಮುಗಿಯೋ ಮೊದಲೇ ಹೋದರು. ಉಳಿದದ್ದನ್ನ ಕೆ.ಎಸ್.ಎಲ್. ಸ್ವಾಮಿ ಮುಗಿಸಿದರು. ಚಿತ್ರ ಥಿಯೇಟರಿಗೆ ಬಂದಾಗ ಹೊಗಳೋಕೆ ನಿರ್ದೇಶಕನೂ ಇಲ್ಲ, ಬೈಯೋಕೆ ಕಾದಂಬರಿಕಾರನೂ ಇಲ್ಲ. ಅದೇ 1985ರಲ್ಲಿ 'ದುರ್ಗಾಸ್ತಮಾನ'ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಗೊಳ್ಳೋಕೂ ಅವರಿರಲಿಲ್ಲ. 1993ರಲ್ಲಿ ಆ ಇನ್ನೊಂದು ಮೂರು ಪುಸ್ತಕದ ಕಥೆ, ರಾಜ್‌ಕುಮಾರ್ ಅವರ 'ಆಕಸ್ಮಿಕ' ಆಯ್ತು. ಅದು ಯಾವ ಹಾವು ಅಂತ ಹೇಳೋಕೂ ಯಾರೂ ಇರಲಿಲ್ಲ.

ಕಥೆಗಳು ಹೀಗೇ ಹೋಗ್ತವೆ ಅನ್ಸುತ್ತೆ. ನಾವು ಕೂಗಾಡಲಿ ಬಿಡಲಿ, ಬೇರೆಯವರ ಕೈಗೆ ಹೋಗಿ ಬೇರೆ ಆಗ್ತವೆ. ತ.ರಾ.ಸು. ಅಸಮಾಧಾನ ಸುಳ್ಳಲ್ಲ, ಅದು ಅವರ ಹಕ್ಕು. ಆದರೆ ಅವರು ಆ ಅಸಮಾಧಾನದಲ್ಲೇ ಕೂರಲಿಲ್ಲ. ಮಾರನೇ ದಿನ ಮತ್ತೆ ಕೂತು ಬರೆದರು, ಹತ್ತು ವರ್ಷ ಆದಮೇಲೆ 'ದುರ್ಗಾಸ್ತಮಾನ' ಕೊಟ್ಟರು. ನಾನು ನಾಲ್ಕು ತಿಂಗಳಿಂದ ಒಂದು ಸಾಲೂ ಬರೆದಿಲ್ಲ. ಹನ್ನೆರಡು ನಿಮಿಷಕ್ಕೆ ನಾಲ್ಕು ತಿಂಗಳು... ತೀರಾ ದುಬಾರಿ ಆಯ್ತು.

ಸೀರೆ ತಗೊಂಡು ವಾಪಸ್ ಬರ್ತಾ ತಳುಕಲ್ಲಿ ಇಳಿದೆವು. ನೋಡೋಕೆ ಅಂಥದ್ದೇನಿಲ್ಲ. ಬಿಸಿಲು, ಬೇವಿನ ಮರ, ಟೀ ಅಂಗಡಿ. ಚಿಕ್ಕಪ್ಪ ಟೀ ಹೀರುತ್ತಾ "ಎರಡು ಹಾವೂ ದುರ್ಗದ್ದೇ ಕಣೋ" ಅಂದರು. ವಾದ ಅಲ್ಲಿಗೆ ಮುಗೀತು.

ನಿನ್ನೆ ರಾತ್ರಿ ಗೆಳೆಯನಿಗೆ ಫೋನ್ ಮಾಡಿದೆ. ಮೊದಲು ಎತ್ತಲಿಲ್ಲ. ಹತ್ತು ನಿಮಿಷ ಬಿಟ್ಟು ಅವನೇ ಮಾಡಿದ. "ಮುದುಕ ಬಾಗಿಲಲ್ಲೇ ನಿಂತಿರಲಿ ಬಿಡು, ನನ್ನ ಹೆಸರು ತೆಗೀಬೇಡ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಮುಂದಿನ ಕಥೆ ಯಾವಾಗ ಕೊಡ್ತೀಯ?"

ಬರೀಬೇಕು.