ಐಪಿವಿ6 ಅಳವಡಿಕೆ: ಐದು ತಾಲೂಕುಗಳಿಗೊಂದು ವಿಳಾಸ ಯೋಜನೆ

ಅಂತರ್ಜಾಲಕ್ಕೆ ಸೇರುವ ಪ್ರತಿಯೊಂದು ಯಂತ್ರಕ್ಕೂ ಒಂದು ಸಂಖ್ಯಾ ವಿಳಾಸ ಬೇಕು. ಹಳೆಯ ಐಪಿವಿ4 ಪದ್ಧತಿಯ ವಿಳಾಸ 32 ಬಿಟ್‌ಗಳದ್ದು. ಅದರಿಂದ ದೊರೆಯುವುದು ಸುಮಾರು 430 ಕೋಟಿ ವಿಳಾಸಗಳು ಮಾತ್ರ. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು 2011ರ ಫೆಬ್ರುವರಿಯಲ್ಲಿ ಹಂಚಿಕೆಯಾದವು. 128 ಬಿಟ್‌ಗಳ ಐಪಿವಿ6 ಈ ಕೊರತೆಯನ್ನು ನೀಗಿಸುತ್ತದೆ. ಕೇಂದ್ರ ದೂರಸಂಪರ್ಕ ಇಲಾಖೆ ಇದಕ್ಕಾಗಿ 2010 ಮತ್ತು 2013ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. 2016ರಲ್ಲಿ ಜಿಯೋ ಸೇವೆ ಆರಂಭವಾದ ಬಳಿಕ ಮೊಬೈಲ್‌ಗಳಲ್ಲಿ ಹೊಸ ಪದ್ಧತಿ ವೇಗವಾಗಿ ಹರಡಿತು. ಆದರೆ ಕಚೇರಿ, ಕಾಲೇಜು, ಸಹಕಾರಿ ಸಂಘಗಳು ತಮ್ಮ ಜಾಲಗಳಿಗೆ ತಾವೇ ಯೋಜನೆ ರೂಪಿಸಿಕೊಳ್ಳಬೇಕಾಗುತ್ತದೆ.

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಭಾಗದ ಐದು ತಾಲೂಕುಗಳಲ್ಲಿ ಶಾಖೆಗಳಿರುವ ಸಂಸ್ಥೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

ವಿಳಾಸ ಹಂಚಿಕೆ

ಭಾರತದಲ್ಲಿ ವಿಳಾಸ ಸಮೂಹಗಳನ್ನು ನೀಡುವ ಸಂಸ್ಥೆ, ನಿಕ್ಸಿಯ ಅಂಗವಾದ 'ಇರಿನ್'. ಮೊದಲ 48 ಬಿಟ್‌ಗಳು ಸ್ಥಿರವಾಗಿರುವ ಒಂದು ಸಮೂಹದಲ್ಲಿ 65,536 ಉಪಜಾಲಗಳಿಗೆ ಸ್ಥಳವಿದೆ. ಉಪಜಾಲದ ಗುರುತಿಗೆ ನಾಲ್ಕು ಸ್ಥಾನಗಳು. ಪ್ರತಿ ಸ್ಥಾನದಲ್ಲಿ 0ಯಿಂದ 9, ನಂತರ 'ಎ'ಯಿಂದ 'ಎಫ್' ಎಂದು 16 ಚಿಹ್ನೆಗಳು. ಮೊದಲ ಸ್ಥಾನವನ್ನು ತಾಲೂಕಿಗೆ ಮೀಸಲಿಟ್ಟರೆ ಪ್ರತಿ ತಾಲೂಕಿಗೆ 4,096 ಉಪಜಾಲಗಳು ಉಳಿಯುತ್ತವೆ.

ಇಲ್ಲಿಯೇ ದೂರದೃಷ್ಟಿ ಅಗತ್ಯ. ಚಿಕ್ಕೋಡಿ, ಅಥಣಿ, ರಾಯಬಾಗ ಹಳೆಯ ತಾಲೂಕುಗಳು. ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರ್ಪಟ್ಟು ಹೊಸ ತಾಲೂಕುಗಳಾಗುವ ಘೋಷಣೆ ಹೊರಬಿದ್ದದ್ದು 2017ರಲ್ಲಿ. ಹಳೆಯ ಮೂರಕ್ಕೆ 1, 2, 3 ಎಂದು ಒತ್ತೊತ್ತಾಗಿ ಸಂಖ್ಯೆ ಕೊಟ್ಟಿದ್ದರೆ ಹೊಸಬರಿಗೆ ಪಕ್ಕದಲ್ಲಿ ಜಾಗವಿರುತ್ತಿರಲಿಲ್ಲ. ಬದಲಾಗಿ ಚಿಕ್ಕೋಡಿಗೆ 0, ನಿಪ್ಪಾಣಿಗೆ 1. ಅಥಣಿಗೆ 4, ಕಾಗವಾಡಕ್ಕೆ 5. ರಾಯಬಾಗಕ್ಕೆ 8 ಎಂದು ನಾಲ್ಕರ ಗುಂಪುಗಳಲ್ಲಿ ಹಂಚಿದರೆ ಪ್ರತಿ ಗುಂಪಿಗೆ ರೂಟರ್‌ನಲ್ಲಿ ಒಂದೇ ಸಾಲಿನ ದಾರಿ ಸಾಕು. ಮುಂದೆ ತಾಲೂಕು ವಿಭಜನೆಯಾದರೂ ಹಳೆಯ ಶಾಖೆಗಳ ಸಂಖ್ಯೆ ಬದಲಿಸಬೇಕಿಲ್ಲ.

ಅಳವಡಿಕೆಯ ಕ್ರಮ

ಎರಡೂ ಪದ್ಧತಿಗಳು ಪರಸ್ಪರ ನೇರವಾಗಿ ವ್ಯವಹರಿಸಲಾರವು. ಆದ್ದರಿಂದ ಕೆಲಕಾಲ ಎರಡನ್ನೂ ಜೊತೆಜೊತೆಯಾಗಿ ನಡೆಸುವುದು ರೂಢಿ. ಮೊದಲು ರೂಟರ್, ಸ್ವಿಚ್, ಮುದ್ರಕ, ತಂತ್ರಾಂಶಗಳ ಪಟ್ಟಿ ಸಿದ್ಧವಾಗಬೇಕು. ಹೊಸ ಪದ್ಧತಿ ಅರಿಯದವುಗಳನ್ನು ಗುರುತಿಸಬೇಕು. ಎರಡನೆಯದು ರಕ್ಷಣೆ. 2007ರ ವಿಂಡೋಸ್ ವಿಸ್ತಾದಿಂದೀಚೆಗೆ ಗಣಕಗಳಲ್ಲಿ ಐಪಿವಿ6 ತಾನಾಗಿಯೇ ಚಾಲನೆಯಲ್ಲಿರುತ್ತದೆ. ಫೈರ್‌ವಾಲ್‌ನಲ್ಲಿ ಹಳೆಯ ಪದ್ಧತಿಯ ನಿಯಮಗಳಷ್ಟೇ ಇದ್ದರೆ, ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತಾಗುತ್ತದೆ.

ಬಳಿಕ ಒಂದೇ ತಾಲೂಕಿನಲ್ಲಿ, ಉದಾಹರಣೆಗೆ ರಾಯಬಾಗದಲ್ಲಿ, ಪ್ರಯೋಗ ನಡೆಸಿ ದೋಷಗಳನ್ನು ತಿದ್ದಿಕೊಂಡು ಉಳಿದೆಡೆಗೆ ವಿಸ್ತರಿಸುವುದು ಕ್ಷೇಮ. ಸರ್ವರ್‌ನ ಹೊಸ ವಿಳಾಸವನ್ನು ಡಿಎನ್ಎಸ್‌ನಲ್ಲಿ ಪ್ರಕಟಿಸುವುದು ಕಟ್ಟಕಡೆಯ ಹೆಜ್ಜೆ. ದಾರಿ ಸಿದ್ಧವಾಗುವ ಮೊದಲೇ ವಿಳಾಸ ಪ್ರಕಟವಾದರೆ ಸಂಪರ್ಕ ತಡವಾಗುತ್ತದೆ, ಕೆಲವೊಮ್ಮೆ ಕಡಿದೇ ಹೋಗುತ್ತದೆ.

ಪಹಣಿಗಾಗಿಯೋ ಸಾಲದ ಕಂತು ಕಟ್ಟಲೆಂದೋ ಹಳ್ಳಿಯಿಂದ ಬಂದ ರೈತನಿಗೆ ಪ್ರೊಟೊಕಾಲ್‌ನ ಹೆಸರು ಬೇಕಿಲ್ಲ. ಜಾಲ ಸ್ಥಗಿತಗೊಂಡರೆ ಅವನಿಗಾಗುವ ನಷ್ಟ ಒಂದು ದಿನದ ದುಡಿಮೆ. ಬದಲಾವಣೆ ಅವನ ಅರಿವಿಗೇ ಬಾರದಂತೆ ನಡೆದರೆ ಯೋಜನೆ ಸಫಲವಾದಂತೆ.