ಬಾವಿಗೆ ಬಂದ ಗಪ್ಪಿ ಮೀನು



ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಸಾಕುವ ಹವ್ಯಾಸವಿದ್ದವರಿಗೆ ಗಪ್ಪಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಗಂಡು ಮೀನು ಅಂಗುಲಕ್ಕಿಂತ ತುಸು ಉದ್ದ. ಬಾಲದಲ್ಲಿ ಕೆಂಪು, ನೀಲಿ, ಹಳದಿ ಬಣ್ಣಗಳ ಬೆಡಗು. ಹೆಣ್ಣು ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಮಾಸಲು. ಮೊಟ್ಟೆಯಿಡದೆ ಮರಿ ಹಾಕುವ ಜಾತಿ ಇದು. ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸ ಮರಿಗಳು ತೊಟ್ಟಿ ತುಂಬುತ್ತವೆ. ಆದರೆ ನಮ್ಮ ನಾಡಿನ ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲೂ ಇದೇ ಮೀನನ್ನು ಬೆಳೆಸುತ್ತಾರೆ. ಅಂದದ ಮೀನಿಗೆ ಆಸ್ಪತ್ರೆಯಲ್ಲೇನು ಕೆಲಸ? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ನೀರು ಕೂಡಿಡುವ ರೀತಿಯ ಚರಿತ್ರೆಯನ್ನೇ ಸ್ವಲ್ಪ ನೋಡಬೇಕು.

ಮೊದಲು ಹೆಸರಿನ ವಿಚಾರ. ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಅದರ ಸಮೀಪದ ದ್ವೀಪಗಳು. 1859ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಪೀಟರ್ಸ್ ಇದಕ್ಕೆ ಪೊಸಿಲಿಯಾ ರೆಟಿಕ್ಯುಲೇಟಾ ಎಂದು ಹೆಸರಿಟ್ಟಿದ್ದ. ಅದು ತಿಳಿಯದೆ, ಟ್ರಿನಿಡಾಡ್ ದ್ವೀಪದಿಂದ ಲೆಚ್ಮಿಯರ್ ಗಪ್ಪಿ ಎಂಬವರು ಲಂಡನ್ನಿಗೆ ಕಳಿಸಿದ ಮೀನುಗಳನ್ನು ನೋಡಿ, 1866ರಲ್ಲಿ ಆಲ್ಬರ್ಟ್ ಗುಂಥರ್ ಅವರದೇ ಹೆಸರನ್ನು ಮೀನಿಗೆ ಕೊಟ್ಟ. ಮೊದಲು ಇಟ್ಟ ಹೆಸರೇ ಊರ್ಜಿತ ಎಂಬುದು ಶಾಸ್ತ್ರದ ನಿಯಮ. ಹಾಗಾಗಿ ಗ್ರಂಥದಲ್ಲಿ ಪೀಟರ್ಸ್ ಇಟ್ಟ ಹೆಸರು ಉಳಿಯಿತು, ಜನರ ಬಾಯಲ್ಲಿ ಗಪ್ಪಿಯವರ ಹೆಸರು ಉಳಿಯಿತು.

ಇನ್ನು ಸೊಳ್ಳೆಯ ಕಡೆಗೆ ಬರೋಣ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೈನ್ಯದ ವೈದ್ಯ ಬೆಂಗಳೂರಿನಲ್ಲಿದ್ದ. ಅವನ ಬಂಗಲೆಯ ಕಿಟಕಿಯ ಹೊರಗೆ ನೀರಿನ ತೊಟ್ಟಿಯೊಂದಿತ್ತು. ಅದರಲ್ಲಿ ಸೊಳ್ಳೆಯ ಮರಿಹುಳುಗಳು ಮಿಜಿಗುಟ್ಟುವುದನ್ನು ಕಂಡು ನೀರು ಚೆಲ್ಲಿಸಿದ, ಸೊಳ್ಳೆಗಳು ಕಡಿಮೆಯಾದವು. ಉಳಿದ ತೊಟ್ಟಿಗಳನ್ನೂ ಹಾಗೆಯೇ ಮಾಡೋಣವೆಂದರೆ ಅಧಿಕಾರಿ ಒಪ್ಪಲಿಲ್ಲ! ಹದಿನಾಲ್ಕು ವರ್ಷಗಳ ತರುವಾಯ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡುಹಿಡಿದವನು ಇದೇ ರಾಸ್.

ಸೊಳ್ಳೆಯೇ ಕಾರಣವೆಂದು ತಿಳಿದ ಮೇಲೆ ಅದರ ಮರಿಹುಳುವನ್ನು ತಿನ್ನುವ ಮೀನಿಗೆ ಬೆಲೆ ಬಂತು. 1910ರ ಸುಮಾರಿಗೆ ಗಪ್ಪಿಯನ್ನು ಭಾರತಕ್ಕೆ ತಂದರು. 1928ರಲ್ಲಿ ಅದರ ನೆಂಟನಾದ ಗ್ಯಾಂಬೂಸಿಯಾ ಇಟಲಿಯಿಂದ ಬಂತು. ಗಪ್ಪಿಯ ಬಾಯಿ ಮೇಲ್ಮುಖವಾಗಿದೆ. ಮರಿಹುಳು ಉಸಿರಿಗಾಗಿ ನೀರಿನ ಮೇಲ್ಮೈಗೆ ಬರಲೇಬೇಕು. ಬಂದೊಡನೆ ಮೀನಿನ ಬಾಯಿಗೆ ಸಿಗುತ್ತದೆ. ದಿನಕ್ಕೆ 80ರಿಂದ 100 ಮರಿಹುಳುಗಳನ್ನು ಒಂದು ಮೀನು ತಿನ್ನಬಲ್ಲದೆಂದು ಲೆಕ್ಕ.

ಮಲೇರಿಯಾ ಬಡತನದ ರೋಗ ಎಂದು ಹೇಳುವುದುಂಟು. ಆ ಮಾತು ಅರ್ಧ ಸತ್ಯ. ಸಮೃದ್ಧಿಯ ಜೊತೆಗೂ ಅದು ಬಂದಿದೆ. 1930ರ ದಶಕದಲ್ಲಿ ಇರ್ವಿನ್ ನಾಲೆಯ ನೀರು ಮಂಡ್ಯದ ಹೊಲಗಳಿಗೆ ಹರಿದಾಗ ಕಬ್ಬು, ಭತ್ತಗಳ ಬೆನ್ನಿಗೇ ಚಳಿಜ್ವರವೂ ಹೆಚ್ಚಿತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದೂ ಅದೇ ವರ್ಷ. ಇದು ಕಾಕತಾಳೀಯವಿರಬಹುದು, ಆದರೆ ನೆನಪಿಡಬೇಕಾದ ಕಾಕತಾಳೀಯ. ಆಗ ಎಲ್ಲರ ನಂಬಿಕೆ ಡಿಡಿಟಿಯ ಮೇಲೆ. ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 1960ರ ದಶಕದ ಮೊದಲ ವರ್ಷಗಳಲ್ಲಿ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಮೀನನ್ನು ಯಾರು ಕೇಳುತ್ತಾರೆ? ಅದು ಮರೆತೇಹೋಯಿತು. ಆದರೆ ಸೊಳ್ಳೆ ಡಿಡಿಟಿಗೆ ಒಗ್ಗಿಕೊಂಡಿತು. 1976ರಲ್ಲಿ ರೋಗಿಗಳು ಮತ್ತೆ 64 ಲಕ್ಷಕ್ಕೇರಿದರು.

ಆಮೇಲೆ ಮೀನು ನೆನಪಾಯಿತು. ಕರ್ನಾಟಕದಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇತ್ತು. ರೇಷ್ಮೆ ಸಾಕುವ ಮನೆಯ ಗೋಡೆಗೆ ಕೀಟನಾಶಕ ಸಿಂಪಡಿಸಿದರೆ ಸೊಳ್ಳೆಯ ಜೊತೆಗೆ ಹುಳುವೂ ಸಾಯುತ್ತದೆ; ಹುಳು ಸತ್ತರೆ ಆ ವರ್ಷದ ಅನ್ನವೇ ಹೋದಂತೆ. ಸಿಂಪಡಿಸಲು ಬಂದವರನ್ನು ರೈತ ಬಾಗಿಲಲ್ಲೇ ತಡೆದರೆ ಅವನನ್ನು ತಪ್ಪೆನ್ನಲಾದೀತೆ? 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದ ಬೆಂಗಳೂರು ಘಟಕದವರು ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಿಗೆ ಗಪ್ಪಿ, ಗ್ಯಾಂಬೂಸಿಯಾಗಳನ್ನು ಬಿಟ್ಟರು. ಅಲ್ಲಿ ರೋಗ ಹರಡುವ ಸೊಳ್ಳೆ ಮುಖ್ಯವಾಗಿ ಬಾವಿಯಲ್ಲೇ ಹುಟ್ಟುತ್ತಿತ್ತು. ರೋಗ ಇಳಿಯಿತು. ಆದರೆ ಕುಡಿಯುವ ನೀರಿಗೆ ಮೀನು ಬಿಡಲು ಜನ ಒಪ್ಪಬೇಕಲ್ಲ! 2001ರ ಡಿಸೆಂಬರಿನಲ್ಲಿ ತಿಪಟೂರು ತಾಲ್ಲೂಕಿನ ಬನವರಾಳು ಸುತ್ತಮುತ್ತ ಕಲಾಜಾಥಾ ನಡೆಸಿ, ಹಾಡು, ನಾಟಕಗಳ ಮೂಲಕ ಸೊಳ್ಳೆ, ಮೀನುಗಳ ಕಥೆ ಹೇಳಿದರು. ನನ್ನ ಮಟ್ಟಿಗೆ ಈ ಚರಿತ್ರೆಯ ಅತ್ಯಂತ ಸೊಗಸಾದ ಅಧ್ಯಾಯ ಇದು.

ಈಗ ಸಂಡೂರು ತಾಲ್ಲೂಕಿನ ಕುರೆಕುಪ್ಪಕ್ಕೆ ಬನ್ನಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರೆಯ ಊರು, ಬಿರುಬಿಸಿಲಿನ ಸೀಮೆ. ಇಂಥ ಸೀಮೆಯಲ್ಲಿ ನೀರು ಬಂದ ದಿನ ಹಂಡೆ, ಡ್ರಮ್ಮು, ತೊಟ್ಟಿಗಳನ್ನೆಲ್ಲ ತುಂಬಿಕೊಳ್ಳುವುದು ಸಂಸಾರಸ್ಥರ ಜಾಣತನ. ಡೆಂಗೀ ಹರಡುವ ಈಡಿಸ್ ಸೊಳ್ಳೆಗೂ ಬೇಕಾದದ್ದು ಇದೇ ನಿಂತ ತಿಳಿನೀರು. ಮೊಟ್ಟೆಯಿಂದ ಸೊಳ್ಳೆಯಾಗಲು ಅದಕ್ಕೆ ಏಳೆಂಟು ದಿನ ಸಾಕು. ಡ್ರಮ್ಮನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿ ಒಣಗಿಸಬಹುದು. ದೊಡ್ಡ ಸಿಮೆಂಟ್ ತೊಟ್ಟಿಯ ನೀರನ್ನು ಚೆಲ್ಲಿ ಎಂದು ಈ ಸೀಮೆಯಲ್ಲಿ ಯಾರಿಗೆ ಹೇಳುವುದು? ಅಲ್ಲಿ ಗಪ್ಪಿ ನಿಜಕ್ಕೂ ಉಪಕಾರಿ.

ಆದರೆ ಅದೇ ಗಪ್ಪಿಯನ್ನು ಹತ್ತಿರದ ದರೋಜಿ ಕೆರೆಗೋ, ಹಂಪಿಯ ಬಳಿ ವಿಜಯನಗರದ ಕಾಲದಿಂದ ಹರಿಯುತ್ತಿರುವ ಕಾಲುವೆಗೋ, ಕಂಪ್ಲಿಯ ಗದ್ದೆಗೋ ಬಿಡುವ ಮಾತೇ ಬೇರೆ. ಗ್ಯಾಂಬೂಸಿಯಾ ಬೇರೆ ಮೀನುಗಳ ಮೊಟ್ಟೆ, ಮರಿಗಳನ್ನೂ ಕಪ್ಪೆಯ ಗೊದಮೊಟ್ಟೆಗಳನ್ನೂ ತಿನ್ನುತ್ತದೆ. ಲೋಕದ ನೂರು ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಪ್ಪಿಯೂ ಹೊರಗಿನದೇ, ಹರಿಯುವ ನೀರಿಗೆ ಒಮ್ಮೆ ಬಿಟ್ಟರೆ ಮತ್ತೆ ಹಿಡಿದು ತರಲಾಗದು. ಮನೆಯ ಅಕ್ವೇರಿಯಂ ಸಾಕಾಯಿತೆಂದು ಮೀನನ್ನು ಕೆರೆಗೆ ಸುರಿಯುವವರಿಗೆ ಇದು ಗೊತ್ತಿರುವುದಿಲ್ಲ.

ನಮ್ಮ ನೀರಿಗೆ ತನ್ನದೇ ಆದ ಸೊಳ್ಳೆ ತಿನ್ನುವ ಮೀನುಗಳಿವೆ. 1912ರಲ್ಲೇ ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಂನ ಸ್ಯೂವೆಲ್ ಮತ್ತು ಚೌಧುರಿ ಅಂಥ ದೇಶೀ ಮೀನುಗಳನ್ನು ಪಟ್ಟಿ ಮಾಡಿ ಪುಸ್ತಿಕೆ ಪ್ರಕಟಿಸಿದ್ದರು. ಅದರಲ್ಲಿ ಅಪ್ಲೋಕೀಲಸ್ ಎಂದು ಈಗ ಕರೆಯುವ ಕುಲದ ಮೀನುಗಳಿವೆ. ದಕ್ಷಿಣ ಭಾರತದ ಹೊಳೆ, ಗದ್ದೆ, ಬಾವಿಗಳಲ್ಲಿ ಇವು ಇವೆ. ಅಕ್ವೇರಿಯಂ ಸಾಕುವವರಿಗೂ ಪ್ರಿಯ. ಮುಂದಿನ ಸಲ ಗದ್ದೆಯ ಬದುವಿನಲ್ಲಿ ನಿಂತಾಗ ನೀರನ್ನು ಮೇಲಿನಿಂದ ನೋಡಿ: ಮೇಲ್ಮೈಗೆ ಅಂಟಿದಂತೆ ಅಲುಗದೆ ನಿಂತ, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುವ ಪುಟ್ಟ ಮೀನು ಕಂಡರೆ, ಅದು ಇದೇ.